ಚಿನ್ನದ ಊರಿನ ಧೂಳು, ಮನೆಯ ಕಂಪ್ಯೂಟರು

ಆಷಾಢದ ಗಾಳಿ ಶುರುವಾಯಿತೆಂದರೆ ಕೋಲಾರ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಮನೆಗಳಲ್ಲಿ ಕಿಟಕಿಗಳು ಮುಚ್ಚಿಕೊಳ್ಳುತ್ತವೆ. ಆದರೂ ಸೈನೈಡ್ ಗುಡ್ಡಗಳಿಂದ ಎದ್ದ ಪುಡಿ ಹಾಸಿಗೆಯ ಮೇಲೆ, ಒಗೆದು ಹರವಿದ ಬಟ್ಟೆಯ ಮೇಲೆ, ಅನ್ನದ ತಟ್ಟೆಯ ಮೇಲೆ ಬಂದು ಕೂರುತ್ತದೆ. ಮನೆಯಲ್ಲಿ ಕಂಪ್ಯೂಟರಿದ್ದರೆ ಅದರ ಫ್ಯಾನು ಈ ಪುಡಿಯನ್ನು ತಾನೇ ಒಳಕ್ಕೆಳೆದುಕೊಳ್ಳುತ್ತದೆ. ಕೆಜಿಎಫ್‌ನಲ್ಲಿ ಕಂಪ್ಯೂಟರನ್ನು ಕಾಪಾಡಿಕೊಳ್ಳುವ ಮಾತು ಆಂಟಿವೈರಸ್ಸಿಗಿಂತ ಮೊದಲು ಈ ಧೂಳಿನಿಂದಲೇ ಶುರುವಾಗಬೇಕು.

ಇದು ರಸ್ತೆಯ ಮಣ್ಣಲ್ಲ. ಇಲ್ಲಿನ ಚಿನ್ನ ಬೆಣಚುಕಲ್ಲಿನ ಪದರಗಳಲ್ಲಿ ಬಹುಪಾಲು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಹುದುಗಿತ್ತು. ಅದನ್ನು ಬಿಡಿಸಲು ಅದಿರನ್ನು ಅಕ್ಕಿಹಿಟ್ಟಿನಷ್ಟು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದು, ಉಳಿದದ್ದನ್ನು ಗುಡ್ಡೆ ಹಾಕಿದರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದಂದಿನಿಂದ 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವವರೆಗೆ ಸುಮಾರು 800 ಟನ್ ಚಿನ್ನ ಹೊರಬಂತು. ಹಿಂದೆ ಉಳಿದದ್ದು ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ. ಸೈನೈಡ್ ಬಿಸಿಲು ಗಾಳಿಗೆ ಬಹುಮಟ್ಟಿಗೆ ಒಡೆದುಹೋಗುತ್ತದೆ. ಬೆಣಚಿನ ಪುಡಿ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚಿಗೆ 7, ಕಿಟಕಿಯ ಗಾಜಿಗೆ ಐದೂವರೆಯ ಆಸುಪಾಸು. ಮಾನಿಟರಿನ ಪರದೆ ಗಾಜಿಗಿಂತಲೂ ಮೆತ್ತನೆಯ ಪ್ಲಾಸ್ಟಿಕ್ಕಿನದು. ಅದನ್ನು ಒಣಬಟ್ಟೆಯಿಂದ ಉಜ್ಜಿದರೆ ಆ ಕಣಗಳಿಂದಲೇ ಗೀರು ಎಳೆದಂತೆ. ಮೊದಲು ಮೆತ್ತನೆಯ ಬ್ರಷ್ಷಿನಿಂದ ಪುಡಿ ಉದುರಿಸಿ, ಆಮೇಲೆ ತುಸು ಒದ್ದೆ ಮಾಡಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತದೆ ಒರೆಸಬೇಕು.

ಒಳಗೆ ಈ ಪುಡಿ ಮಾಡುವ ಮುಖ್ಯ ಕೆಡುಕು ಬಿಸಿಯದು. ಪ್ರೊಸೆಸರ್ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಮನೆಯ ಡೆಸ್ಕ್‌ಟಾಪಿನಲ್ಲಿ ಬೆಂಕಿಪೊಟ್ಟಣದ ಅಗಲದ ಚಿಪ್ಪೊಂದು 65 ವ್ಯಾಟ್‌ನಷ್ಟು ಶಾಖ ಕಾರುವುದು ಸಾಮಾನ್ಯ. ಆ ಶಾಖ ಥರ್ಮಲ್ ಪೇಸ್ಟ್ ದಾಟಿ, ಅಲ್ಯೂಮಿನಿಯಂ ರೆಕ್ಕೆಗಳಿಗೆ ಏರಿ, ಅಲ್ಲಿಂದ ಫ್ಯಾನಿನ ಗಾಳಿಯ ಜೊತೆ ಹೊರಗೆ ಹೋಗಬೇಕು. ರೆಕ್ಕೆಗಳ ನಡುವಿನ ಸಂದಿ ಕೇವಲ ಒಂದೆರಡು ಮಿಲಿಮೀಟರ್. ಅಲ್ಲಿ ಪುಡಿ, ಕೂದಲು, ಬಟ್ಟೆಯ ನಾರು ಸೇರಿ ಕಟ್ಟಿಕೊಂಡರೆ ಗಾಳಿ ನುಸುಳುವುದಿಲ್ಲ. ಬಿಸಿ 100 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರಕ್ಕೆ ಬಂದಾಗ ಚಿಪ್ಪು ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ಇಳಿಸುತ್ತದೆ. ಬೆಳಿಗ್ಗೆ ಚುರುಕಾಗಿದ್ದು ಅರ್ಧ ಗಂಟೆಯಲ್ಲಿ ತೆವಳತೊಡಗುವ, ಫ್ಯಾನಿನ ಸದ್ದು ಏರುತ್ತಲೇ ಹೋಗುವ ಕಂಪ್ಯೂಟರಿಗೆ ಜನ ವೈರಸ್ ಹೊಡೆದಿದೆ ಎನ್ನುತ್ತಾರೆ. ಎಷ್ಟೋ ಸಲ ಅದಕ್ಕೆ ಬೇಕಿರುವುದು ಒಂದು ಬ್ಲೋವರ್ ಅಷ್ಟೆ.

ಈ ಊರಿನ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಾಗ ಅಲ್ಲಿನ ಬಂಡೆಯ ಉಷ್ಣತೆ 60 ಡಿಗ್ರಿ ಮೀರಿತ್ತು. ಯಂತ್ರಗಳಲ್ಲಿ ತಣಿಸಿದ ಗಾಳಿಯನ್ನು ಶಾಫ್ಟಿನೊಳಕ್ಕೆ ಕಳಿಸದೆ ಅಲ್ಲಿ ಕೆಲಸ ಸಾಧ್ಯವೇ ಇರಲಿಲ್ಲ. ಗಾಳಿಯ ದಾರಿ ತೆರೆದಿರಬೇಕು ಎಂಬುದೇ ಅಲ್ಲಿಯೂ ಇಲ್ಲಿಯೂ ನಿಯಮ.

ಮಳೆಗಾಲದಲ್ಲಿ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಅದಿರಿನಲ್ಲಿ ಅಲ್ಪಸ್ವಲ್ಪ ಇರುವ ಗಂಧಕದ ಖನಿಜಗಳು ಗಾಳಿ, ನೀರು ತಾಗಿ ಸಲ್ಫೇಟ್ ಲವಣಗಳಾಗುತ್ತವೆ. ಲವಣ ಬೆರೆತ ಧೂಳು ತೇವ ಹೀರಿದಾಗ ಅದರ ಮೂಲಕ ವಿದ್ಯುತ್ ತುಸುತುಸುವೇ ಸೋರುತ್ತದೆ, ಮದರ್‌ಬೋರ್ಡಿನ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಮಳೆ ಹಿಡಿದ ವಾರಗಳಲ್ಲಿ ಕಂಪ್ಯೂಟರನ್ನು ದಿನಕ್ಕೆ ಸ್ವಲ್ಪ ಹೊತ್ತಾದರೂ ಹಚ್ಚಿಡುವುದು ಒಳ್ಳೆಯದು. ಒಳಗಿನ ಬಿಸುಪೇ ತೇವವನ್ನು ಓಡಿಸುತ್ತದೆ.

ಶುಚಿ ಮಾಡಲು ನಮ್ಮಲ್ಲಿ ಒಂದು ದಿನ ಆಗಲೇ ನಿಗದಿಯಾಗಿದೆ. ಆಯುಧಪೂಜೆ ಬರುವ ಹೊತ್ತಿಗೆ ಗಾಳಿಯ ಕಾಲ ಮುಗಿದಿರುತ್ತದೆ. ಹಿಂದಿನ ದಿನ ಲಾರಿ, ಲೇತ್ ತೊಳೆದು ಒರೆಸುವಂತೆ ಕಂಪ್ಯೂಟರಿನ ಕ್ಯಾಬಿನೆಟ್ಟನ್ನೂ ಬಿಚ್ಚಿ ಶುಚಿ ಮಾಡಬಹುದು. ಯುಗಾದಿಯ ಹೊತ್ತಿಗೆ ಇನ್ನೊಂದು ಸಲ ಮಾಡಿದರೆ ವರ್ಷಕ್ಕೆ ಸಾಕು. ಪೂಜೆಯ ಕುಂಕುಮ, ವಿಭೂತಿಯನ್ನು ಗಾಳಿಯ ತೂತುಗಳಿಗೆ ದೂರವಾಗಿ ಹಚ್ಚಿ. ಅವೂ ನುಣುಪಾದ ಪುಡಿಗಳೇ.

ಕೆಲಸಕ್ಕೆ ಮೊದಲು ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಕ್ಷಣ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟನ್ನು ಅಂಗಳಕ್ಕೋ ತಾರಸಿಗೋ ಒಯ್ಯಿರಿ. ಬರಿಯ ಲೋಹ ಮುಟ್ಟಿ ಮೈಯಲ್ಲಿರುವ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಂಡ ಮೇಲೆ ಮಾತ್ರ ಒಳಗೆ ಕೈ ಹಾಕಿ. ಬ್ಲೋವರ್ ಹಿಡಿಯುವಾಗ ಫ್ಯಾನು ತಿರುಗದಂತೆ ಪೆನ್ಸಿಲ್ ಅಡ್ಡ ಇಡಬೇಕು, ಇಲ್ಲದಿದ್ದರೆ ಅದು ಮಿತಿ ಮೀರಿದ ವೇಗದಲ್ಲಿ ಸುತ್ತಿ ಬೇರಿಂಗ್ ಹಾಳಾಗುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಭಾಗ) ಮಾತ್ರ ಬಿಚ್ಚಬಾರದು. ಅದರೊಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಹೆಚ್ಚು ವಿದ್ಯುತ್ ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಮೂಗು ಬಾಯಿಗೆ ಎನ್-95 ಮಾಸ್ಕ್ ಕಟ್ಟಿಕೊಳ್ಳದೆ ಬ್ಲೋವರ್ ಹಚ್ಚಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ನುಣ್ಣನೆಯ ಬೆಣಚಿನ ಕಣ ಶ್ವಾಸಕೋಶದ ತಳ ಮುಟ್ಟಿದರೆ ದೇಹ ಅದನ್ನು ಹೊರಹಾಕಲಾರದೆ ಸುತ್ತಲೂ ಗಾಯದ ಕಲೆ ಬೆಳೆಸುತ್ತದೆ. ಅದೇ ಸಿಲಿಕೋಸಿಸ್. ಭಾರತದಲ್ಲಿ ಆ ಕಾಯಿಲೆ ಮೊದಲು ದಾಖಲಾದದ್ದು 1930ರ ದಶಕದಲ್ಲಿ, ಇದೇ ಕೋಲಾರದ ಗಣಿ ಕಾರ್ಮಿಕರಲ್ಲಿ. ವರ್ಷಕ್ಕೆರಡು ಸಲ ಕಂಪ್ಯೂಟರ್ ಊದಿದ್ದಕ್ಕೆ ಆ ರೋಗ ಬರುತ್ತದೆಂದಲ್ಲ. ಆದರೆ ಗಣಿಯ ಕೆಲಸಕ್ಕೆ ಹೋಗಿ ಎದೆ ಕೆಡಿಸಿಕೊಂಡವರ ಮಕ್ಕಳು, ಮೊಮ್ಮಕ್ಕಳು ಅದೇ ಪುಡಿಯನ್ನು ಮನೆಯೊಳಗೆ ಎಬ್ಬಿಸಿ ಉಸಿರಾಡುವುದನ್ನು ನೋಡಿ ಸುಮ್ಮನಿರಲು ನನಗಾಗದು. ದಿನವೂ ಬ್ಲೋವರ್ ಹಿಡಿಯುವ ರಿಪೇರಿ ಅಂಗಡಿಯ ಹುಡುಗರಿಗಂತೂ ಮಾಸ್ಕ್ ಬೇಕೇ ಬೇಕು.

ಕಂಪ್ಯೂಟರಿನಲ್ಲಿ ಚಿನ್ನವೂ ಇದೆ. ರ್‍ಯಾಮ್ ಪಟ್ಟಿಯ ಅಂಚಿನಲ್ಲಿ ಹೊಳೆಯುವ ಹಳದಿ ಗೀಟುಗಳು ಅಸಲಿ ಚಿನ್ನದ ಲೇಪ, ಕೆಳಗೆ ನಿಕಲ್, ಅದರ ಕೆಳಗೆ ತಾಮ್ರ. ಚಿನ್ನ ತುಕ್ಕು ಹಿಡಿಯದ ಕಾರಣ ಅಲ್ಲಿ ವಿದ್ಯುತ್ ಸಂಪರ್ಕ ವರ್ಷಗಟ್ಟಲೆ ನಂಬಿಕೆಗೆ ನಿಲ್ಲುತ್ತದೆ. ಲೇಪದ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನ್ ಕೂಡ ಇರುವುದಿಲ್ಲ, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ. ಡಿಸ್‌ಪ್ಲೇ ಬರದಿದ್ದಾಗ ರ್‍ಯಾಮ್ ತೆಗೆದು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿ ಎಲ್ಲ ಅಂಗಡಿಗಳಲ್ಲೂ ಇದೆ. ಅದರಿಂದ ಕಂಪ್ಯೂಟರ್ ಚಾಲೂ ಆಗುವುದೂ ಉಂಟು. ಆದರೆ ಒಂದೊಂದು ಸಲ ಉಜ್ಜಿದಾಗಲೂ, ಅದರಲ್ಲೂ ಬೆಣಚಿನ ಪುಡಿ ಕೂತ ಪಟ್ಟಿಯಲ್ಲಿ, ಚಿನ್ನ ಸವೆಯುತ್ತದೆ. ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ನಾರು ಬಿಡದ ಬಟ್ಟೆಯಿಂದ ಒರೆಸುವುದು ಸರಿಯಾದ ಕ್ರಮ.

ಇನ್ನು ಕರೆಂಟು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿ ಹಾದು ಬಂದದ್ದು ಈ ಗಣಿಗಳಿಗಾಗಿಯೇ. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ಲೈನುಗಳಲ್ಲೊಂದು. ಈಗ ಮನೆಗಳಲ್ಲಿ ನೋಡಬೇಕಾದದ್ದು ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ಅದು ಬಹುಪಾಲು ಅರ್ಥಿಂಗ್ ಇಲ್ಲದ ಗುರುತು. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರುಗಳು ಭೂಮಿಗೆ ಹರಿಸಬೇಕಾದ ಅಲ್ಪ ವಿದ್ಯುತ್ ಹೋಗಲು ದಾರಿ ಸಿಗದೆ ಕ್ಯಾಬಿನೆಟ್ಟಿನಲ್ಲೇ ನಿಂತಿರುತ್ತದೆ. ಅರ್ಥಿಂಗ್ ಇಲ್ಲದ ಸಾಕೆಟ್ಟಿಗೆ ಸಿಕ್ಕಿಸಿದ ಸ್ಪೈಕ್ ಗಾರ್ಡ್ ಅರ್ಧ ಕೆಲಸವನ್ನಷ್ಟೇ ಮಾಡಬಲ್ಲದು. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕಿಸಿ, ಎಲೆಕ್ಟ್ರಿಷಿಯನ್ ಕೈಲಿ ಅಳೆಯಿಸಿ. ಯುಪಿಎಸ್‌ನ ಲೆಡ್ ಆಸಿಡ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ. ತಾರೀಖು ಪದೇಪದೇ ಹಿಂದಕ್ಕೆ ಹೋಗಿ ಬ್ಯಾಂಕಿನ ಪುಟ ತೆರೆಯದಿದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಸೆಲ್ ಬದಲಿಸಿದರೆ ಸಾಕು.

ಸಾಫ್ಟ್‌ವೇರಿನ ಕಡೆ ಹೆಚ್ಚು ಹೇಳಲಿಕ್ಕಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರವಾದರೆ ಲಿನಕ್ಸ್ ಹಾಕಿಸಬಹುದು. ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಬಂದರೆ ಹಳೆಯ ಕಂಪ್ಯೂಟರೂ ಚುರುಕಾಗುತ್ತದೆ. ಎಸ್‌ಎಸ್‌ಡಿಗೆ ಡಿಫ್ರಾಗ್ ಬೇಕಿಲ್ಲ, ಅದರಿಂದ ಸವೆತವೇ ಹೆಚ್ಚು.

ಎಷ್ಟು ಜೋಪಾನ ಮಾಡಿದರೂ ಡಿಸ್ಕ್ ಒಂದು ದಿನ ಕೈಕೊಡುತ್ತದೆ. ಅಪ್ಪನ ಗಣಿ ಸರ್ವಿಸಿನ ಕಾಗದಗಳು, ಶಾಫ್ಟಿನ ಮುಂದೆ ನಿಂತ ಅಜ್ಜನ ಫೋಟೋ ಇಲ್ಲಿ ಎಷ್ಟೋ ಮನೆಗಳಲ್ಲಿ ಸ್ಕ್ಯಾನ್ ಆಗಿ ಒಂದೇ ಕಂಪ್ಯೂಟರಿನಲ್ಲಿವೆ. ಒಂದು ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ ಬೀರುವಿನಲ್ಲಿಡಿ, ಇನ್ನೊಂದನ್ನು ಬೆಂಗಳೂರಿನಲ್ಲಿರುವ ಮಗನ ಹತ್ತಿರವೋ ಮಗಳ ಹತ್ತಿರವೋ ಇಡಿಸಿ. ಆಯುಧಪೂಜೆಯ ಶುಚಿಯ ದಿನವೇ ಬೀರುವಿನ ಡಿಸ್ಕನ್ನು ಹೊರತೆಗೆದು, ಹೊಸ ಫೈಲುಗಳನ್ನು ಸೇರಿಸಿ, ಹಳೆಯವುಗಳಲ್ಲಿ ನಾಲ್ಕಾರನ್ನು ತೆರೆದು ನೋಡಿ.