ಸ್ಟ್ರೀಮ್ ಉದ್ದವಿದೆ, ಬಾಕಿ ಎಷ್ಟಿದೆ?

ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಆರ್ಡರ್ ಅಡುಗೆಮನೆಗೆ ಹೋಯಿತೆಂದರೆ ದೋಸೆ ಟೇಬಲ್ಲಿಗೆ ಬಂತೆಂದಲ್ಲ. ಹಗಲು ಅಂಥ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತವರ ಮಕ್ಕಳು, ಮೊಮ್ಮಕ್ಕಳು ಇಂದು ಪೊವಾಯಿ, ಅಂಧೇರಿ, ಐರೋಲಿಯ ಸಾಫ್ಟ್‌ವೇರ್ ಕಚೇರಿಗಳಲ್ಲಿದ್ದಾರೆ. ಅಲ್ಲಿಯೂ ಲೆಕ್ಕ ಇದೇ. ಆದರೆ ಆರ್ಡರ್ ಹೋಗುವುದು ರೆಡಿಸ್ ಸ್ಟ್ರೀಮಿಗೆ.

ರೆಡಿಸ್ ಎಂದರೆ ಮಾಹಿತಿಯನ್ನು ಮೆಮೊರಿಯಲ್ಲೇ ಇಟ್ಟು ನಡೆಸುವ ಡೇಟಾಬೇಸ್. ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ ಅದನ್ನು 2009ರಲ್ಲಿ ಹೊರತಂದರು; 2018ರಲ್ಲಿ ಬಂದ 5.0 ಆವೃತ್ತಿಯಲ್ಲಿ ಸ್ಟ್ರೀಮ್ ಸೇರಿತು. ಆರ್ಡರ್, ಪಾವತಿ, ಯಾವುದೇ ಇರಲಿ, ಎಕ್ಸ್‌ಆಡ್ ಆಜ್ಞೆ ಅದನ್ನು ಸಾಲಿನ ಕೊನೆಗೆ ಸೇರಿಸುತ್ತದೆ. ಒಂದು ಗ್ರೂಪಿನ ಕೆಲಸಗಾರ ಪ್ರೋಗ್ರಾಮುಗಳು ಎಕ್ಸ್‌ರೀಡ್‌ಗ್ರೂಪ್ ಮೂಲಕ ಅವನ್ನು ಹಂಚಿಕೊಳ್ಳುತ್ತವೆ. ಕೆಲಸ ಮುಗಿದ ಮೇಲೆ ಎಕ್ಸ್‌ಆಕ್ ಕಳಿಸಿ ‘ಆಯಿತು’ ಎನ್ನುತ್ತವೆ.

ಹೊಸಬರು ಎಡವುವುದು ಇಲ್ಲೇ. ಎಕ್ಸ್‌ಲೆನ್ ಕೇಳಿ, ಬಂದ ಸಂಖ್ಯೆಯೇ ಬಾಕಿ ಕೆಲಸ ಎಂದುಕೊಳ್ಳುತ್ತಾರೆ. ಆದರೆ ಎಕ್ಸ್‌ಆಕ್ ಕಳಿಸಿದರೂ ನಮೂದು ಸ್ಟ್ರೀಮಿನಿಂದ ಅಳಿಯುವುದಿಲ್ಲ. ಹಾಗಾಗಿ ಹತ್ತು ಲಕ್ಷ ನಮೂದುಗಳಿದ್ದರೂ ಬಾಕಿ ಸೊನ್ನೆ ಇರಬಹುದು. ಇದರ ತಿರುಗುಮುರುಗೂ ಉಂಟು: ಮ್ಯಾಕ್ಸ್‌ಲೆನ್ ಹಾಕಿ ಉದ್ದವನ್ನು ಕತ್ತರಿಸುತ್ತಿದ್ದರೆ, ಯಾರೂ ಓದದ ಹಳೆಯ ಆರ್ಡರ್ ಕೂಡ ಸದ್ದಿಲ್ಲದೆ ಹೋಗಬಹುದು.

ಹಾಗಾದರೆ ಕೋಡಿನಿಂದ ಏನನ್ನು ಕೇಳಬೇಕು? ಪೈಥಾನ್ ಬಳಸುವವರಿಗೆ ಎಕ್ಸ್‌ಇನ್ಫೋ_ಗ್ರೂಪ್ಸ್ ಸಾಕು. ಅದು ಪ್ರತಿ ಗ್ರೂಪಿಗೂ ಎರಡು ಮುಖ್ಯ ಅಂಕಿಗಳನ್ನು ಕೊಡುತ್ತದೆ. ಪೆಂಡಿಂಗ್ ಎಂದರೆ ಎತ್ತಿಕೊಂಡು ಇನ್ನೂ ಒಪ್ಪಿಸದಿರುವುದು. ಲ್ಯಾಗ್ ಎಂದರೆ ಇನ್ನೂ ಎತ್ತಿಕೊಳ್ಳದೆ ಉಳಿದಿರುವುದು. ಲ್ಯಾಗ್ 2022ರ 7.0 ಆವೃತ್ತಿಯಿಂದ ಮಾತ್ರ ಸಿಗುತ್ತದೆ. ನಡುವಿನ ನಮೂದುಗಳನ್ನು ಅಳಿಸಿದ್ದರೆ ಅದು ಖಾಲಿ ಬರಬಹುದು. ಖಾಲಿಯನ್ನು ಸೊನ್ನೆ ಎಂದು ಓದಿದರೆ ಕೆಟ್ಟಿತು.

ಲ್ಯಾಗ್ ಏರುತ್ತಿದ್ದರೆ ಕೈಗಳು ಸಾಲದು, ಕೆಲಸಗಾರರನ್ನು ಹೆಚ್ಚಿಸಿ. ಪೆಂಡಿಂಗ್ ಏರುತ್ತಿದ್ದರೆ ರೋಗ ಬೇರೆ: ಯಾರೋ ಕೆಲಸ ಹಿಡಿದು ನಡುವೆ ಬಿದ್ದಿರಬಹುದು. ಪ್ರೋಗ್ರಾಮ್ ಸತ್ತರೂ ಆ ನಮೂದು ಅದರ ಹೆಸರಿನಲ್ಲೇ ಉಳಿಯುತ್ತದೆ. ಯಾವುದು, ಯಾರ ಬಳಿ, ಕೊನೆಯ ಬಾರಿ ಕೊಟ್ಟು ಎಷ್ಟು ಹೊತ್ತಾಯಿತು, ಎಷ್ಟು ಸಲ ಕೊಟ್ಟದ್ದು ಎಂಬುದನ್ನು ಎಕ್ಸ್‌ಪೆಂಡಿಂಗ್ ವಿವರವಾಗಿ ಹೇಳುತ್ತದೆ. ಹಾಗೆ ಸಿಕ್ಕಿಬಿದ್ದದ್ದನ್ನು ಇನ್ನೊಬ್ಬರಿಗೆ ವಹಿಸಲು 6.2ರಿಂದ ಎಕ್ಸ್‌ಆಟೋಕ್ಲೈಮ್ ಇದೆ. ಆದರೆ ಎಚ್ಚರ: ಮೊದಲಿನವನು ಹಣ ಕಡಿತ ಮಾಡಿ, ಎಕ್ಸ್‌ಆಕ್ ಕಳಿಸುವ ಮೊದಲೇ ಬಿದ್ದಿದ್ದರೆ, ಎರಡನೆಯವನು ಮತ್ತೆ ಕಡಿತ ಮಾಡುತ್ತಾನೆ. ಒಂದೇ ಪಾವತಿ ಎರಡು ಸಲ ಬಂದರೂ ಒಂದೇ ಸಲ ನಡೆಯುವಂತೆ ಕೋಡ್ ಬರೆದಿರಬೇಕು.

ಒಂದು ಪುಟ್ಟ ಪ್ರೋಗ್ರಾಮ್ ನಿಮಿಷಕ್ಕೊಮ್ಮೆ ಲ್ಯಾಗನ್ನೂ, ಪೆಂಡಿಂಗಿನಲ್ಲಿ ಬಹಳ ಹೊತ್ತಿನಿಂದ ಕುಳಿತ ನಮೂದಿನ ವಯಸ್ಸನ್ನೂ ಬರೆದಿಡಲಿ. ಎರಡಕ್ಕೂ ಮಿತಿ ಹಾಕಿ, ಮೀರಿದರೆ ಫೋನ್ ಬಡಿಯಲಿ. ‘ಹಣ ಹೋಯಿತು, ಟಿಕೆಟ್ ಬರಲಿಲ್ಲ’ ಎಂದು ಗಿರಾಕಿ ಫೋನ್ ಮಾಡುವ ಮೊದಲೇ ವಿಷಯ ನಮಗೆ ತಿಳಿದಿರಬೇಕು.