ಬಿಸಿಲನ್ನು ನಂಬಿದ ನಗರ

ಬಿಸಿಲು ಎಲ್ಲರಿಗೂ ಒಂದೇ ಬಗೆಯಾಗಿ ತೋರುವುದಿಲ್ಲ. ವೈಶಾಖದ ನಡುಹಗಲಿನಲ್ಲಿ ಹೊಲದಿಂದ ಮನೆಗೆ ನಡೆದು ಬರುವವನಿಗೆ ಅದು ಬೆಂಕಿ; ವರ್ಷದಲ್ಲಿ ಹಲವು ತಿಂಗಳು ಹಿಮದಲ್ಲಿ ಹುದುಗಿ ಮಬ್ಬುಬೆಳಕಿನಲ್ಲಿ ಕಾಲ ಕಳೆಯುವ ನಾಡಿನವನಿಗೆ ಅದೇ ಅಮೃತ. ಹಣ ತೆತ್ತು ಬಿಸಿಲನ್ನು ಕೊಳ್ಳುವವರೂ ಉಂಟೆಂದರೆ ನಮಗೆ ನಗು ಬರಬಹುದು. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಕರಾವಳಿಯಲ್ಲಿ ಒಂದು ಮಹಾನಗರವು ಬೆಳೆದುದು ಬಹುಮಟ್ಟಿಗೆ ಈ ಬಿಸಿಲಿನ ವ್ಯಾಪಾರದಿಂದಲೇ. ಅದು ಲಾಸ್ ಏಂಜಲೀಸ್. ಅಲ್ಲಿಯ ವಾಸ ಸುಖವೋ ಕಷ್ಟವೋ ಎಂದು ವಿಚಾರಿಸುತ್ತ ಹೋದರೆ ಒಂದು ವಿಶೇಷವು ನಮ್ಮ ಗಮನಕ್ಕೆ ಬರುತ್ತದೆ. ಆ ನಗರದ ಸುಖಗಳೂ ಕಷ್ಟಗಳೂ ಬೇರೆ ಬೇರೆ ಮೂಲದಿಂದ ಹುಟ್ಟಿದವಲ್ಲ. ಯಾವ ಬಿಸಿಲು ಜನರನ್ನು ಅಲ್ಲಿಗೆ ಕರೆಯಿತೋ ಅದೇ ಬಿಸಿಲು ಅವರಿಂದ ಬೆಲೆಯನ್ನೂ ಪಡೆದಿದೆ.

ಲಾಸ್ ಏಂಜಲೀಸ್ ಸಮಭಾಜಕ ವೃತ್ತದಿಂದ 34 ಡಿಗ್ರಿ ಉತ್ತರದಲ್ಲಿ, ಪೆಸಿಫಿಕ್ ಸಾಗರದ ಅಂಚಿನಲ್ಲಿದೆ. ಒಂದು ಮಗ್ಗುಲಲ್ಲಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸ್ಯಾನ್ ಗೇಬ್ರಿಯಲ್ ಮೊದಲಾದ ಪರ್ವತಗಳು. ನಡುವೆ ಬೋಗುಣಿಯಂಥ ಬಯಲು. ದಡದ ಬಳಿ ಉತ್ತರದಿಂದ ತಣ್ಣೀರಿನ ಪ್ರವಾಹವೊಂದು ಹರಿಯುವುದರಿಂದ ಸಮುದ್ರದ ಗಾಳಿ ಬೇಸಗೆಯಲ್ಲಿಯೂ ತಂಪಾಗಿರುತ್ತದೆ. ನಮ್ಮಲ್ಲಿ ಬೇಸಗೆಯ ಬೆನ್ನಿಗೇ ಮುಂಗಾರು ಬರುತ್ತದೆ. ಅಲ್ಲಿ ಬೇಸಗೆಯೆಂದರೆ ಮಳೆಯೇ ಇಲ್ಲದ ಕಾಲ. ನವೆಂಬರಿನಿಂದ ಮಾರ್ಚಿಯವರೆಗೆ ಬಂದಷ್ಟೇ ಮಳೆ. ಅದೂ ವರ್ಷಕ್ಕೆ ಸರಾಸರಿ 36 ಸೆಂಟಿಮೀಟರುಗಳಷ್ಟು ಮಾತ್ರ. ಉಳಿದ ದಿನಗಳಲ್ಲಿ ಆಕಾಶ ನಿರ್ಮಲ. ವರ್ಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ಗಂಟೆಗಳ ಕಾಲ ಅಲ್ಲಿ ಬಿಸಿಲು ಬೀಳುತ್ತದೆ. ಜನವರಿಯ ಮಧ್ಯಾಹ್ನದಲ್ಲಿಯೂ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಈ ಬಗೆಯ ಹವೆಗೆ ಮೆಡಿಟರೇನಿಯನ್ ವಾಯುಗುಣವೆಂದು ಹೆಸರು.

ಟೋಂಗ್ವಾ ಎಂಬ ಮೂಲನಿವಾಸಿಗಳು ಬಹುಕಾಲದಿಂದ ಬಾಳಿಕೊಂಡು ಬಂದಿದ್ದ ಈ ಬಯಲಿನಲ್ಲಿ 1781ರಲ್ಲಿ ಸ್ಪೇನ್ ದೇಶದ ಆಡಳಿತಗಾರರು 44 ಜನರ ಒಂದು ಚಿಕ್ಕ ಊರನ್ನು ಸ್ಥಾಪಿಸಿದರು. 1850ರಲ್ಲಿಯೂ ಅಲ್ಲಿದ್ದವರು ಎರಡು ಸಾವಿರಕ್ಕಿಂತ ಕಡಿಮೆ. 1876ರಲ್ಲಿ ರೈಲು ಬಂದಿತು. ಹತ್ತು ವರ್ಷಗಳ ತರುವಾಯ ಇನ್ನೊಂದು ರೈಲು ಕಂಪೆನಿಯೂ ಬಂದು ಪೈಪೋಟಿ ಹೂಡಿತು. 1887ರ ಮಾರ್ಚಿ ತಿಂಗಳಲ್ಲಿ ದೇಶದ ಮಧ್ಯಭಾಗದಿಂದ ಅಲ್ಲಿಗೆ ಬರುವ ದರ ಕೆಲಕಾಲ ಒಂದೇ ಡಾಲರಿಗೆ ಇಳಿಯಿತೆಂದು ಹೇಳುತ್ತಾರೆ. ಚಳಿಯ ಸೀಮೆಯ ರೈತರು ಬಂದರು, ವ್ಯಾಪಾರಿಗಳು ಬಂದರು, ಕ್ಷಯರೋಗಿಗಳೂ ಬಂದರು. ಕ್ಷಯಕ್ಕೆ ಔಷಧಿಯಿಲ್ಲದ ಆ ಕಾಲದಲ್ಲಿ ಬಿಸಿಲು ಮತ್ತು ಒಣಹವೆಗಳೇ ಚಿಕಿತ್ಸೆಯೆಂದು ವೈದ್ಯರು ಹೇಳುತ್ತಿದ್ದರು. ಬ್ರೆಜಿಲಿನ ಮೂಲದ, ಬೀಜವಿಲ್ಲದ ಕಿತ್ತಳೆಯ ತಳಿಯೊಂದು ಈ ನೆಲದಲ್ಲಿ ಸೊಗಸಾಗಿ ಬೆಳೆದು, ಮೂಡಣ ರಾಜ್ಯಗಳು ಹಿಮದಲ್ಲಿ ಮುಳುಗಿರುವ ಹೊತ್ತಿಗೆ ಸರಿಯಾಗಿ ಹಣ್ಣಾಗುತ್ತಿತ್ತು. ಚಳಿಯಲ್ಲಿ ನಡುಗುವವನ ಕೈಗೆ ಆ ಹಣ್ಣು ಸಿಕ್ಕಿತೆಂದರೆ ಅದಕ್ಕಿಂತ ಮಿಗಿಲಾದ ಜಾಹೀರಾತು ಬೇಕೆ? 1900ರಲ್ಲಿ ನಗರದ ಜನಸಂಖ್ಯೆ ಒಂದು ಲಕ್ಷ. 1930ರಲ್ಲಿ ಹನ್ನೆರಡು ಲಕ್ಷ ಮೀರಿತ್ತು. 2020ರ ಜನಗಣತಿಯಲ್ಲಿ ಸುಮಾರು 39 ಲಕ್ಷ.

ಚಲನಚಿತ್ರ ಉದ್ಯಮವನ್ನು ಕರೆತಂದುದರಲ್ಲಿಯೂ ಬಿಸಿಲಿನ ಪಾಲು ದೊಡ್ಡದು. ಆಗಿನ ಫಿಲ್ಮು ಬೆಳಕನ್ನು ಹಿಡಿಯುವುದರಲ್ಲಿ ಬಲು ಮಂದ. ವಿದ್ಯುದ್ದೀಪಗಳು ಸಾಲುತ್ತಿರಲಿಲ್ಲ. ಮಾಡಿಲ್ಲದ ಕೋಣೆಗಳನ್ನು ಬಯಲಿನಲ್ಲಿ ಕಟ್ಟಿ, ಮೇಲೆ ತೆಳುಬಟ್ಟೆಯನ್ನು ಹರಡಿ, ಸೂರ್ಯನ ಬೆಳಕಿನಲ್ಲಿಯೇ ಮನೆಯೊಳಗಿನ ದೃಶ್ಯಗಳನ್ನು ತೆಗೆಯುತ್ತಿದ್ದರು. ವರ್ಷವಿಡೀ ಬಿಸಿಲಿರುವ ಊರು ಅಂಥವರಿಗೆ ವರವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. 1911ರಲ್ಲಿ ಹಾಲಿವುಡ್ಡಿನಲ್ಲಿ ಮೊದಲ ಸ್ಟುಡಿಯೋ ತೆರೆಯಿತು. ಇಂದು ಜಗತ್ತಿಗೆಲ್ಲ ಪರಿಚಿತವಾಗಿರುವ, ಗುಡ್ಡದ ಮೇಲಿನ ಹಾಲಿವುಡ್ ಎಂಬ ಬಿಳಿಯ ಅಕ್ಷರಗಳಿಗೂ ಮೊದಲು ಸಿನಿಮಾದ ನಂಟಿರಲಿಲ್ಲ. 1923ರಲ್ಲಿ ನಿವೇಶನಗಳನ್ನು ಮಾರುವುದಕ್ಕಾಗಿ ನಿಲ್ಲಿಸಿದ ಫಲಕವದು.

ಬಂದವರಿಗೆಲ್ಲ ಬೇಕಾದುದು ಒಂದೇ: ಸುತ್ತ ಅಂಗಳವಿರುವ ಒಂಟಿ ಮನೆ, ಅಂಗಳದಲ್ಲಿ ಒಂದು ಕಿತ್ತಳೆಯ ಗಿಡ, ಅದರ ಮೇಲೆ ಬಿಸಿಲು. ಹೀಗಾಗಿ ನಗರ ಮೇಲಕ್ಕೆ ಬೆಳೆಯದೆ ಅಗಲವಾಗಿ ಹರಡಿತು. ಮೊದಮೊದಲು ಈ ಹರವನ್ನು ವಿದ್ಯುತ್ ಟ್ರಾಮುಗಳು ಚೆನ್ನಾಗಿಯೇ ಹೊಲಿದಿದ್ದವು. ಬರಬರುತ್ತ ಮೋಟಾರು ಕಾರು ಅವುಗಳ ಸ್ಥಾನವನ್ನು ಆಕ್ರಮಿಸಿತು. 1940ರಲ್ಲಿ ಮೊದಲ ವೇಗಮಾರ್ಗ ತೆರೆಯಿತು. 1963ರಲ್ಲಿ ಕೊನೆಯ ಟ್ರಾಮು ನಿಂತಿತು. 1990ರಿಂದೀಚೆಗೆ ಮತ್ತೆ ಹಳಿಗಳನ್ನು ಹಾಕುತ್ತಿದ್ದಾರೆ. ಆದರೂ ಅಲ್ಲಿಯ ಬಹುಪಾಲು ಜನರಿಗೆ ಕಾರಿಲ್ಲದೆ ದಿನ ಸಾಗದು.

1943ರ ಜುಲೈ 26ರಂದು ನಗರದ ನಡುಭಾಗವನ್ನು ಒಂದು ವಿಚಿತ್ರವಾದ ಮಬ್ಬು ಕವಿಯಿತು. ಕಣ್ಣು ಉರಿಯಿತು, ಗಂಟಲು ಕೆರೆಯಿತು, ಎದುರಿನ ಕಟ್ಟಡಗಳೇ ಮಸುಕಾದವು. ಎರಡನೆಯ ಮಹಾಯುದ್ಧದ ದಿನಗಳವು. ಜಪಾನೀಯರು ವಿಷಾನಿಲ ಬಿಟ್ಟರೋ ಏನೋ ಎಂದು ಹಲವರು ಹೆದರಿದರು. ಕೃತಕ ರಬ್ಬರಿನ ಸಾಮಗ್ರಿಯನ್ನು ತಯಾರಿಸುವ ಕಾರ್ಖಾನೆಯೊಂದರ ಮೇಲೆ ಸಂಶಯ ಹೋಯಿತು. ಕಾರ್ಖಾನೆಯನ್ನು ನಿಲ್ಲಿಸಿದರೂ ಮಬ್ಬು ಹೋಗಲಿಲ್ಲ. ಮಂಜು ಅಲ್ಲ, ಬರಿಯ ಹೊಗೆಯೂ ಅಲ್ಲ, ಇದೇನು?

ಒಗಟನ್ನು ಬಿಡಿಸಿದವರು ಏರಿ ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ. ಇವರು ಹಾಲೆಂಡಿನಲ್ಲಿ ಹುಟ್ಟಿದವರು. ಕ್ಯಾಲಿಫೋರ್ನಿಯ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಅನಾನಸ್ ಹಣ್ಣಿನ ಪರಿಮಳಕ್ಕೆ ಕಾರಣವಾದ ವಸ್ತುಗಳನ್ನು ಶೋಧಿಸುತ್ತಿದ್ದವರು. ಹಣ್ಣಿನ ಕಂಪನ್ನು ಹಿಡಿಯುವ ವಿಧಾನದಿಂದಲೇ ಅವರು ನಗರದ ಗಾಳಿಯನ್ನೂ ಹಿಡಿದು ಪರೀಕ್ಷಿಸಿದರು. ಕಾರುಗಳಿಂದಲೂ ತೈಲಶುದ್ಧಿ ಕಾರ್ಖಾನೆಗಳಿಂದಲೂ ಹೊರಬೀಳುವ ಹೈಡ್ರೋಕಾರ್ಬನ್‌ಗಳು ಮತ್ತು ನೈಟ್ರೋಜನ್ ಆಕ್ಸೈಡುಗಳು ಸೂರ್ಯನ ಬೆಳಕಿನಲ್ಲಿ ಪರಸ್ಪರ ವರ್ತಿಸಿ ಓಜೋನ್ ಅನಿಲವನ್ನೂ ಕಣ್ಣುರಿಸುವ ಇತರ ವಸ್ತುಗಳನ್ನೂ ಉಂಟುಮಾಡುತ್ತವೆ ಎಂದು 1950ರ ಅನಂತರದ ವರ್ಷಗಳಲ್ಲಿ ತೋರಿಸಿಕೊಟ್ಟರು. ಬಾನಿನ ಎತ್ತರದಲ್ಲಿದ್ದು ನಮ್ಮನ್ನು ಕಾಯುವ ಓಜೋನ್ ಉಸಿರಿನ ಮಟ್ಟಕ್ಕೆ ಇಳಿದರೆ ಶ್ವಾಸಕೋಶವನ್ನು ಕೆಡಿಸುತ್ತದೆ, ರಬ್ಬರನ್ನೂ ಸೀಳುತ್ತದೆ. ಕಾರಿನ ಹೊಗೆ ಕಚ್ಚಾಪದಾರ್ಥ. ಅದನ್ನು ಬೇಯಿಸಿದ ಒಲೆ ಬಿಸಿಲು. ಆ ಒಲೆಯ ಮೇಲಿನ ಪಾತ್ರೆಗೆ ಮುಚ್ಚಳವೂ ಉಂಟು. ಸಾಮಾನ್ಯವಾಗಿ ಮೇಲೇರಿದಂತೆ ಗಾಳಿ ತಣ್ಣಗಾಗುತ್ತದೆ. ನೆಲದ ಬಳಿಯ ಬಿಸಿಗಾಳಿ ಹೊಗೆಯನ್ನು ಹೊತ್ತು ಮೇಲಕ್ಕೆ ಹೋಗುತ್ತದೆ. ಇಲ್ಲಿಯಾದರೋ ಕೆಳಗೆ ಸಮುದ್ರದ ತಂಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ. ಕೆಳಗಿನದು ಮೇಲೇಳಲಾರದು, ಪಕ್ಕಕ್ಕೆ ಸರಿಯೋಣವೆಂದರೆ ಬೆಟ್ಟಗಳ ಗೋಡೆ.

ಕಾರು ನಮ್ಮ ಸ್ವಾತಂತ್ರ್ಯವೆಂದು ತಿಳಿದಿದ್ದ ಜನರು ಈ ತೀರ್ಮಾನವನ್ನು ಸುಲಭವಾಗಿ ಒಪ್ಪಲಿಲ್ಲ. ಹಿತ್ತಿಲಿನಲ್ಲಿ ಕಸ ಸುಡುವುದನ್ನು 1957ರಲ್ಲಿ ನಿಷೇಧಿಸಿದರು. ಕಾರಿನ ಹೊಗೆಯನ್ನು ಶುದ್ಧಮಾಡುವ ವೇಗವರ್ಧಕ ಉಪಕರಣ ಬಳಕೆಗೆ ಬರಲು 1975 ಆಗಬೇಕಾಯಿತು. ಆ ಬಳಿಕ ಗಾಳಿ ಗಮನಾರ್ಹವಾಗಿ ತಿಳಿಯಾಗಿದೆ. ಒಂದು ಕಾಲದಲ್ಲಿ ದಿನಗಟ್ಟಲೆ ಕಾಣದಿದ್ದ ಬೆಟ್ಟಗಳು ಈಗ ಬಹುದಿನಗಳಲ್ಲಿ ಕಾಣುತ್ತವೆ. ಹಾಗಿದ್ದರೂ ಓಜೋನ್ ವಿಷಯದಲ್ಲಿ ಆ ದೇಶದ ಅತಿ ಕೆಟ್ಟ ಪ್ರದೇಶಗಳ ಪಟ್ಟಿಯಲ್ಲಿ ಅದರ ಹೆಸರು ಇನ್ನೂ ಉಳಿದುಕೊಂಡಿದೆ.

ಇಲ್ಲಿಯೇ ಒಂದು ಮಾತನ್ನು ಹೇಳಿಬಿಡಬೇಕು. ನಗರದ ಹೊಗೆಯನ್ನು ಒತ್ತಿಹಿಡಿಯುವ ಆ ಗಾಳಿಯ ಮುಚ್ಚಳದ ಮೇಲ್ಗಡೆ ವಾತಾವರಣ ಅಲುಗಾಡದೆ ನಿಶ್ಚಲವಾಗಿರುತ್ತದೆ. ನಕ್ಷತ್ರಗಳು ಮಿನುಗದೆ ಸ್ಪಷ್ಟವಾಗಿ ಕಾಣುತ್ತವೆ. ಆದುದರಿಂದಲೇ ಊರ ಮಗ್ಗುಲಿನ ಮೌಂಟ್ ವಿಲ್ಸನ್ ಶಿಖರದ ಮೇಲೆ 1904ರಲ್ಲಿ ವೀಕ್ಷಣಾಲಯವನ್ನು ಸ್ಥಾಪಿಸಿದರು. ನಮ್ಮ ಆಕಾಶಗಂಗೆಯ ಆಚೆಗೂ ಬ್ರಹ್ಮಾಂಡಗಳುಂಟೆಂದು ಎಡ್ವಿನ್ ಹಬಲ್ ಕಂಡುಕೊಂಡುದು ಅಲ್ಲಿಯ ದೂರದರ್ಶಕದಿಂದ. ಕೆಳಗಿನವರ ಕಣ್ಣಿಗೆ ಉರಿ, ಮೇಲಿನವರ ಕಣ್ಣಿಗೆ ಬೆಳಕು! ಕೊನೆಗೆ ನಗರದ ದೀಪಗಳೇ ಹೆಚ್ಚಿ ಅಲ್ಲಿಯ ರಾತ್ರಿಯ ಕತ್ತಲೆಯನ್ನು ಕೆಡಿಸಿದವೆಂಬುದು ಬೇರೆ ಮಾತು.

ಈಗ ಅಲ್ಲಿ ಬಾಳುವವನ ದಿನಚರಿಯನ್ನು ನೋಡೋಣ. ಮುಂಜಾನೆ ಸಮುದ್ರದಂಡೆಯಲ್ಲಿದ್ದು ಅಪರಾಹ್ನಕ್ಕೆ ಬೆಟ್ಟದ ಕಾಡಿನಲ್ಲಿರಬಹುದು. ಮಕ್ಕಳು ವರ್ಷಪೂರ್ತಿ ಬಯಲಿನಲ್ಲಿ ಆಡಬಹುದು. ಜಗತ್ತಿನ ನಾನಾ ದೇಶಗಳ ಜನ, ಅವರ ಭಾಷೆ, ಅವರ ಅಡುಗೆಗಳು ಒಂದೇ ಬೀದಿಯಲ್ಲಿ ಎದುರಾಗುತ್ತವೆ. ಇವು ಸಣ್ಣ ಸುಖಗಳಲ್ಲ. ಆದರೆ ಬಿಸಿಲೂ ಎಲ್ಲ ಬೀದಿಗಳಿಗೆ ಒಂದೇ ಸಮನಾಗಿ ಬೀಳುವುದಿಲ್ಲ. ದಡದ ಬಳಿ ಹಿತವಾಗಿರುವ ದಿನವೇ ಒಳನಾಡಿನ ಕಣಿವೆ ಕುದಿಯುತ್ತದೆ. 2020ರ ಸೆಪ್ಟೆಂಬರ್ 6ರಂದು ನಗರದ ವುಡ್‌ಲೆಂಡ್ ಹಿಲ್ಸ್ ಭಾಗದಲ್ಲಿ 49 ಡಿಗ್ರಿ ಸೆಲ್ಸಿಯಸ್ ದಾಟಿತು. ಸಿರಿವಂತರ ಬಡಾವಣೆಗಳಲ್ಲಿ ಮರಗಳು ಚಪ್ಪರವಿಟ್ಟಿವೆ. ಬಡವರ ಕೇರಿಗಳಲ್ಲಿ ಬಸ್ಸು ಕಾಯುವವನಿಗೆ ದೀಪದ ಕಂಬದ ನೆರಳೇ ಗತಿ. ನಗರದ ಚಿಹ್ನೆಯೆನಿಸಿದ ತಾಳೆಯಂಥ ಮರಗಳು ಚಿತ್ರದಲ್ಲಿ ಚೆಲುವಾಗಿ ಕಾಣುತ್ತವೆ, ನೆರಳು ಕೊಡುವುದಿಲ್ಲ.

ಎಲ್ಲರಿಗೂ ಬೇಕಾದ ನೆಲಕ್ಕೆ ಬೆಲೆ ಏರದೆ ಇರುವುದಿಲ್ಲ. ಒಂಟಿಮನೆಗಳಿಗೆಂದೇ ಬಹುಭಾಗ ನೆಲವನ್ನು ಮೀಸಲಿಟ್ಟ ನಿಯಮಗಳು ಹೊಸ ಮನೆಗಳ ಸಂಖ್ಯೆ ಹೆಚ್ಚದಂತೆ ತಡೆದವು, ಬಾಡಿಗೆ ಗಗನಕ್ಕೇರಿತು. 2024ರ ಎಣಿಕೆಯಲ್ಲಿ ಲಾಸ್ ಏಂಜಲೀಸ್ ಜಿಲ್ಲೆಯಲ್ಲಿ ಮನೆಯಿಲ್ಲದವರು 75,000ಕ್ಕೂ ಹೆಚ್ಚಿದ್ದರು. ಹಿತವಾದ ಹವೆಗೆ ಆಸೆಪಟ್ಟು ಹೊರಗಿನಿಂದ ಬಂದವರು ಇವರೆಂದು ಹೇಳುವ ರೂಢಿಯುಂಟು. ಅದು ಸರಿಯಲ್ಲ. ಹೆಚ್ಚಿನವರು ಅಲ್ಲಿಯೇ ಮನೆಯಲ್ಲಿದ್ದು, ಬಾಡಿಗೆ ಕೊಡಲಾರದೆ ಬೀದಿಗೆ ಬಿದ್ದವರು.

ಬೇಸಗೆಯಲ್ಲಿ ಒಣಗಿದ ಬೆಟ್ಟದ ಪೊದೆಗಳಿಗೆ ಶರತ್ಕಾಲ ಚಳಿಗಾಲಗಳಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. ಮರುಭೂಮಿಯ ಕಡೆಯಿಂದ ಸಾಂತಾ ಆನಾ ಎಂಬ ಗಾಳಿ ಬೆಟ್ಟಗಳನ್ನಿಳಿದು, ಇಳಿದಂತೆಲ್ಲ ಕಾದು ಒಣಗಿ, ಸಮುದ್ರದತ್ತ ನುಗ್ಗುತ್ತದೆ. 2025ರ ಜನವರಿ 7ರಂದು ಹೀಗೆಯೇ ಆಯಿತು. ಹಿಂದಿನ ಎರಡು ಚಳಿಗಾಲಗಳ ಒಳ್ಳೆಯ ಮಳೆಗೆ ಪೊದೆಗಳು ದಟ್ಟವಾಗಿ ಬೆಳೆದಿದ್ದವು. ಆ ಚಳಿಗಾಲದಲ್ಲಿ ಮಳೆ ಬಾರದೆ ಅವೆಲ್ಲ ಒಣಸೌದೆಯಾಗಿದ್ದವು. ಪಶ್ಚಿಮದಲ್ಲಿ ಪೆಸಿಫಿಕ್ ಪ್ಯಾಲಿಸೇಡ್ಸ್, ಈಶಾನ್ಯದಲ್ಲಿ ನಗರದ ಎಲ್ಲೆಯಾಚೆಯ ಆಲ್ಟಡೀನಾ, ಈ ಎರಡು ಕಡೆ ಹಬ್ಬಿದ ಬೆಂಕಿಗೆ 16,000ಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. ಸುಮಾರು ಮೂವತ್ತು ಜನ ಪ್ರಾಣ ಕಳೆದುಕೊಂಡರು. ಗುಡ್ಡದ ಮೇಲಿನ ಕೆಲವು ಬೀದಿಗಳಲ್ಲಿ ಬೆಂಕಿ ಆರಿಸುವವರ ಕೊಳವೆಗಳಿಗೆ ನೀರೇ ಬರಲಿಲ್ಲ.

ಇದುವರೆಗೆ ಹೇಳಿದ್ದು ನಗರದಲ್ಲಿ ಇರುವವರ ಲಾಭನಷ್ಟಗಳು. ಅಲ್ಲಿ ಎಂದೂ ವಾಸಿಸದವರು ತೆತ್ತ ಬೆಲೆಯೂ ಒಂದುಂಟು. ಮೂವತ್ತಾರು ಸೆಂಟಿಮೀಟರು ಮಳೆಯಲ್ಲಿ ಲಕ್ಷಾಂತರ ಜನರಿಗೆ ನೀರೆಲ್ಲಿಯದು? ವಿಲಿಯಂ ಮುಲ್‌ಹಾಲೆಂಡ್ ಎಂಬ ಎಂಜಿನಿಯರು ಐರ್ಲೆಂಡಿನಿಂದ ಬಂದು, ಕಾಲುವೆಯ ಹೂಳು ತೆಗೆಯುವ ಕೆಲಸಕ್ಕೆ ಸೇರಿ, ತಾನೇ ಓದಿಕೊಂಡು ನಗರದ ಜಲವಿಭಾಗದ ಮುಖ್ಯಸ್ಥನಾದವನು. ಉತ್ತರದ ಸಿಯೆರಾ ನೆವಾಡ ಪರ್ವತಗಳ ಹಿಮ ಕರಗಿ ಓವೆನ್ಸ್ ಕಣಿವೆಗೆ ಹರಿಯುವುದು ಅವನ ಕಣ್ಣಿಗೆ ಬಿದ್ದಿತು. ಕಣಿವೆಯ ಭೂಮಿಯನ್ನೂ ನೀರಿನ ಹಕ್ಕನ್ನೂ ಉದ್ದೇಶವನ್ನು ಮರೆಮಾಡಿ ನಗರದ ಪರವಾಗಿ ಕೊಳ್ಳಲಾಯಿತು. 375 ಕಿಲೋಮೀಟರ್ ಉದ್ದದ ಕಾಲುವೆ ಐದು ವರ್ಷಗಳಲ್ಲಿ ಮುಗಿಯಿತು. ಒಂದು ಪಂಪೂ ಇಲ್ಲದೆ, ಇಳಿಜಾರಿನ ಬಲದಿಂದಲೇ, ಮರುಭೂಮಿಯನ್ನೂ ಬೆಟ್ಟಗಳನ್ನೂ ದಾಟಿ 1913ರ ನವೆಂಬರ್ 5ರಂದು ನೀರು ನಗರವನ್ನು ತಲಪಿತು. ಅಗೋ ನೀರು, ತೆಗೆದುಕೊಳ್ಳಿ ಎಂಬ ಅರ್ಥದ ಐದೇ ಪದಗಳಲ್ಲಿ ಮುಲ್‌ಹಾಲೆಂಡ್ ತನ್ನ ಭಾಷಣವನ್ನು ಮುಗಿಸಿದನು.

ಕಣಿವೆಯ ರೈತರ ಹೊಲಗಳು ಒಣಗತೊಡಗಿದವು. 1924ರಲ್ಲಿ ಅವರು ಕಾಲುವೆಗೆ ಡೈನಮೈಟ್ ಇಟ್ಟರು. ತೂಬುಗಳನ್ನು ಹಿಡಿದುಕೊಂಡು ನಾಲ್ಕು ದಿನ ನೀರನ್ನು ಹೊರಕ್ಕೆ ಬಿಟ್ಟರು. ಪ್ರಯೋಜನವಾಗಲಿಲ್ಲ. 1928ರ ಮಾರ್ಚಿ 12ರ ನಡುರಾತ್ರಿ, ಇದೇ ನೀರನ್ನು ಕೂಡಿಡಲು ಮುಲ್‌ಹಾಲೆಂಡ್ ಕಟ್ಟಿಸಿದ್ದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ಒಡೆದು ನಾನೂರಕ್ಕೂ ಹೆಚ್ಚು ಜನ ಕೊಚ್ಚಿಹೋದರು. ಆ ದಿನ ಬೆಳಿಗ್ಗೆಯಷ್ಟೇ ಅವನು ಅಣೆಕಟ್ಟನ್ನು ನೋಡಿ ಭಯವಿಲ್ಲವೆಂದು ಹೇಳಿದ್ದನು. ತಪ್ಪನ್ನು ಅವನು ಬೇರೆ ಯಾರ ಮೇಲೂ ಹೊರಿಸಲಿಲ್ಲ. ಅದೇ ವರ್ಷ ಕೆಲಸದಿಂದ ನಿವೃತ್ತನಾದನು.

ನಗರಕ್ಕೆ ನೀರು ಬರುವುದು ನಿಲ್ಲಲಿಲ್ಲ. 1941ರಿಂದ ಕೊಲರಾಡೊ ನದಿಯ ನೀರೂ ಬಂದು ಸೇರಿತು. ಇತ್ತ ನಗರದ ತನ್ನದೇ ನದಿ 1938ರ ಮಹಾಪೂರದಲ್ಲಿ ನೂರಾರು ಮನೆಗಳನ್ನು ಕೊಚ್ಚಿಕೊಂಡು ಹೋದುದರಿಂದ ಅದರ ಪಾತ್ರಕ್ಕೆ ಕಾಂಕ್ರೀಟು ಹಾಕಿದರು. ಚಳಿಗಾಲದ ಮಳೆಯ ನೀರು ಅದರಲ್ಲಿ ಜಾರಿ ಬಹುಪಾಲು ಸಮುದ್ರದ ಪಾಲಾಗುತ್ತದೆ. ಇತ್ತೀಚಿನ ದಶಕಗಳಲ್ಲಿ ಜನರು ನೀರನ್ನು ಹಿಡಿತದಿಂದ ಬಳಸಲು ಕಲಿತು, ಜನಸಂಖ್ಯೆ ಹೆಚ್ಚಿದರೂ ಒಟ್ಟು ಬಳಕೆ ಹೆಚ್ಚದಂತೆ ನೋಡಿಕೊಂಡಿದ್ದಾರೆ.

ಕಣಿವೆಯ ತುದಿಯ ಓವೆನ್ಸ್ ಸರೋವರ 1920ರ ದಶಕದಲ್ಲಿಯೇ ಬತ್ತಿತು. ಗಾಳಿ ಎದ್ದಾಗಲೆಲ್ಲ ಅದರ ತಳದ ಉಪ್ಪುಧೂಳು ಸುತ್ತಲಿನ ಊರುಗಳ ಮನೆಯೊಳಕ್ಕೂ ಎದೆಯೊಳಕ್ಕೂ ಹೊಕ್ಕಿತು. ದೂರದ ನಗರದ ಬಿಸಿಲನ್ನು ಕಾಣದ ಆ ಜನ ಏಳೆಂಟು ದಶಕ ಅದನ್ನು ಉಸಿರಾಡಿದರು. ಕೊನೆಗೆ ಕಾನೂನಿನ ಒತ್ತಾಯಕ್ಕೆ ಮಣಿದು ನಗರವು ಈ ಶತಮಾನದ ಆರಂಭದಿಂದ ಧೂಳನ್ನು ಅಡಗಿಸಲು ಕೋಟಿಗಟ್ಟಲೆ ಡಾಲರುಗಳನ್ನು ವ್ಯಯಮಾಡುತ್ತಿದೆ. ಕೆಲವೆಡೆ ಜಲ್ಲಿ ಹರಡಿದ್ದಾರೆ, ಕೆಲವೆಡೆ ಉಪ್ಪುನೆಲದಲ್ಲಿ ಬಾಳುವ ಹುಲ್ಲು ಬೆಳೆಸಿದ್ದಾರೆ. ಉಳಿದೆಡೆ ಮುಲ್‌ಹಾಲೆಂಡನ ಅದೇ ಕಾಲುವೆಯಿಂದ ಒಂದಿಷ್ಟು ನೀರನ್ನು ತಿರುಗಿಸಿ ಸರೋವರದ ತಳದ ಮೇಲೆ ತೆಳುವಾಗಿ ಹರಿಯಬಿಡುತ್ತಾರೆ. ಆ ನೀರಿನಲ್ಲಿ ಹುಳಗಳು ಹುಟ್ಟಿಕೊಂಡವು. ಹುಳಗಳನ್ನು ಹುಡುಕಿಕೊಂಡು ಈಗ ಋತು ಋತುವಿಗೂ ಸಾವಿರಾರು ವಲಸೆ ಹಕ್ಕಿಗಳು ಅಲ್ಲಿಗೆ ಬಂದಿಳಿಯುತ್ತಿವೆ.