ಆಸ್ಪತ್ರೆ ಬಿಲ್ಲಿನಲ್ಲಿ ಕಾಣದ ಖರ್ಚು

ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯ ಸುದ್ದಿ ಬಂದಾಗ ಯಾರೂ ಅಚ್ಚರಿಪಡುವುದಿಲ್ಲ. ವಯಸ್ಸಾಯಿತು, ಬಿದ್ದರು, ಮುರಿಯಿತು ಎನ್ನುತ್ತಾರೆ. ಆದರೆ ನಿಂತಲ್ಲೇ ಬಿದ್ದ ಮಾತ್ರಕ್ಕೆ ಗಟ್ಟಿ ಮೂಳೆ ಸಾಮಾನ್ಯವಾಗಿ ಮುರಿಯುವುದಿಲ್ಲ. ಮುರಿಯಿತೆಂದರೆ ಅದು ವರ್ಷಗಳಿಂದ ಒಳಗೇ ಟೊಳ್ಳಾಗುತ್ತ ಬಂದಿರುವ ಸಾಧ್ಯತೆ ಹೆಚ್ಚು. ಇದೇ ಆಸ್ಟಿಯೋಪೊರೋಸಿಸ್.

ಜಗತ್ತಿನಲ್ಲಿ 50 ದಾಟಿದ ಮೂವರು ಹೆಂಗಸರಲ್ಲಿ ಒಬ್ಬರು, ಐವರು ಗಂಡಸರಲ್ಲಿ ಒಬ್ಬರು ಮುಂದಿನ ಬದುಕಿನಲ್ಲಿ ಇಂಥ ಮುರಿತಕ್ಕೆ ಒಳಗಾಗುತ್ತಾರೆ ಎಂಬುದು ತಜ್ಞರ ಅಂದಾಜು. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿಯುವುದರಿಂದ ಹೆಂಗಸರ ಮೂಳೆ ಬೇಗ ಸೊರಗುತ್ತದೆ.

ಇಂಥ ಮುರಿತಗಳಿಗೆ ತಗಲುವ ಖರ್ಚನ್ನು ಯುರೋಪ್ ಲೆಕ್ಕ ಹಾಕಿದೆ. ಐರೋಪ್ಯ ಒಕ್ಕೂಟ, ಬ್ರಿಟನ್, ಸ್ವಿಟ್ಜರ್ಲೆಂಡ್ ಸೇರಿ 2019ರಲ್ಲಿ ಆದ ವೆಚ್ಚ ಸುಮಾರು 5,690 ಕೋಟಿ ಯೂರೋ. ಅದರಲ್ಲಿ ಹಳೆಯ ಮುರಿತಗಳಿಂದ ಉಳಿದ ಅಂಗವೈಕಲ್ಯದ ಆರೈಕೆಗೇ 1,900 ಕೋಟಿ. ಮೂಳೆ ಮುರಿಯದಂತೆ ತಡೆಯುವ ಔಷಧಿಗೆ ಹೋದದ್ದು ಬರೀ 160 ಕೋಟಿ. ನೂರು ಯೂರೋದಲ್ಲಿ ಮೂರು ಯೂರೋ ಕೂಡ ಇಲ್ಲ!

ನಮ್ಮಲ್ಲಿ ಆ ಆರೈಕೆಯ ಬಾಬ್ತು ಯಾವ ಲೆಕ್ಕಪುಸ್ತಕಕ್ಕೂ ಏರುವುದಿಲ್ಲ. ಅದನ್ನು ಹೊರುವವರು ಮನೆಯ ಹೆಂಗಸರು. ರಾಡ್ ಹಾಕಿಸಿಕೊಂಡು ಬಂದ ಅತ್ತೆಯನ್ನು ಎತ್ತಿ ಕೂರಿಸಲು, ಬಚ್ಚಲಿಗೆ ಕರೆದೊಯ್ಯಲು, ರಾತ್ರಿ ಮಗ್ಗುಲು ಬದಲಿಸಲು ಸೊಸೆ ಬೇಕು. ಅವಳು ಗಾರ್ಮೆಂಟ್ಸಿಗೆ ಹೋಗುವವಳಾದರೆ ತಿಂಗಳ ಸಂಬಳ ನಿಂತಂತೆಯೇ. ಭಾರತದಲ್ಲಿ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ ಗಂಡಸರು ಕೊಡುವುದು 97 ಎಂದು 2019ರ ಸರಕಾರಿ ಸಮೀಕ್ಷೆಯೇ ಹೇಳಿತ್ತು. ಈ ಐದು ಗಂಟೆಯ ಮೇಲೆ ಹಾಸಿಗೆ ಹಿಡಿದವರ ಆರೈಕೆಯೂ ಬೀಳುತ್ತದೆ. ಆಯುಷ್ಮಾನ್ ಕಾರ್ಡು ಆಸ್ಪತ್ರೆಯ ಖರ್ಚನ್ನೂ ಬಿಡುಗಡೆಯಾದ ನಂತರದ 15 ದಿನಗಳನ್ನೂ ನೋಡಿಕೊಳ್ಳಬಹುದು. ಮನೆಯಲ್ಲಿ ನೋಡಿಕೊಳ್ಳಬೇಕಾದದ್ದು ತಿಂಗಳುಗಟ್ಟಲೆ.

ಇಷ್ಟಾಗುವ ಮುಂಚೆ ಬಹಳ ಸಲ ಒಂದು ಸೂಚನೆ ಸಿಕ್ಕಿರುತ್ತದೆ. ಐವತ್ತೈದರ ಆಸುಪಾಸಿನಲ್ಲಿ ಹೊಸ್ತಿಲು ಎಡವಿ ಕೈಯೂರಿದಾಗ ಮಣಿಕಟ್ಟು ಮುರಿದಿರುತ್ತದೆ. ಪ್ಲಾಸ್ಟರ್ ಹಾಕುತ್ತಾರೆ, ಕೆಲವು ವಾರಕ್ಕೆ ಬಿಚ್ಚುತ್ತಾರೆ. ಇಷ್ಟು ಸಣ್ಣದಾಗಿ ಬಿದ್ದದ್ದಕ್ಕೆ ಮೂಳೆ ಏಕೆ ಮುರಿಯಿತು ಎಂದು ಮನೆಯವರು ಕೇಳುವುದಿಲ್ಲ, ಎಷ್ಟೋ ಕಡೆ ವೈದ್ಯರೂ ಕೇಳುವುದಿಲ್ಲ. ಇಡೀ ಹೊರೆಯಲ್ಲಿ ನಿಜಕ್ಕೂ ನೋವಾಗುವ ಸಂಗತಿ ಇದು.

ಸ್ಕಾಟ್‌ಲೆಂಡಿನ ಗ್ಲಾಸ್ಗೊ ನಗರದಲ್ಲಿ 1999ರಲ್ಲೇ ಇದಕ್ಕೊಂದು ದಾರಿ ಹುಡುಕಿದರು. 50 ದಾಟಿದವರು ಮುರಿದ ಮೂಳೆಯೊಂದಿಗೆ ಆಸ್ಪತ್ರೆಗೆ ಬಂದರೆ ನರ್ಸ್‌ಗಳೇ ಅವರನ್ನು ಗುರುತಿಸಿ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿಗೂ ಚಿಕಿತ್ಸೆಗೂ ಕರೆತರುವ ವ್ಯವಸ್ಥೆ ಅದು. ಆಮೇಲೆ ಹಲವು ದೇಶಗಳು ಅದನ್ನು ಅನುಸರಿಸಿದವು. ಮೂಳೆ ಸವೆತ ತಡೆಯಲು ವಾರಕ್ಕೊಂದು ನುಂಗುವ ಅಲೆಂಡ್ರೊನೇಟ್ ಮಾತ್ರೆ ಈಗ ಪೇಟೆಂಟಿನ ಹಿಡಿತದಲ್ಲೂ ಇಲ್ಲ.

ಸೊಂಟ ಮುರಿದ ಮೇಲೂ ಕಾಲ ಮಿಂಚಿರುವುದಿಲ್ಲ. ಶಸ್ತ್ರಚಿಕಿತ್ಸೆಯಾಗಿ 90 ದಿನಗಳೊಳಗೆ ಆರಂಭಿಸಿ ವರ್ಷಕ್ಕೊಮ್ಮೆ ಅದೇ ಬಗೆಯ ಔಷಧಿಯಾದ ಜೊಲೆಡ್ರೊನಿಕ್ ಆಸಿಡ್ ಡ್ರಿಪ್ ಕೊಟ್ಟ ರೋಗಿಗಳಲ್ಲಿ ಹೊಸ ಮುರಿತಗಳ ಜೊತೆಗೆ ಸಾವಿನ ಪ್ರಮಾಣವೂ ಶೇ. 28ರಷ್ಟು ಕಡಿಮೆಯಾದದ್ದನ್ನು 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.